ಆ ‘ಪುಸ್’ ಸದ್ದು ಕೇಳಿಸಲೇಬೇಕು: ಕಂಪ್ರೆಸರ್ ಹೂಡಿದ ನನ್ನ ಅನುಭವ

ತೀರ್ಥಹಳ್ಳಿಯ ಹತ್ತಿರ ನನ್ನದೊಂದು ಮರಗೆಲಸದ ಶೆಡ್ ಇದೆ. ಮೊದಲೆಲ್ಲ ಮಂಚ, ಬಾಗಿಲುಗಳಿಗೆ ಬಟ್ಟೆಯುಂಡೆಯಲ್ಲೇ ಪಾಲಿಶ್ ಹಚ್ಚುತ್ತಿದ್ದೆ. ಸ್ಪ್ರೇ ಗನ್ನಿಗೂ ಮೊಳೆ ಹೊಡೆಯುವ ಗನ್ನಿಗೂ ಆಗಲೆಂದು 2 ಎಚ್‌ಪಿ ಮೋಟಾರ್, 50 ಲೀಟರ್ ಟ್ಯಾಂಕ್ ಇರುವ ಕಂಪ್ರೆಸರ್, ಅಂದರೆ ಗಾಳಿಯನ್ನು ಹಿಂಡಿ ಟ್ಯಾಂಕಿಗೆ ತುಂಬುವ ಯಂತ್ರ ತಂದೆ. ಚಕ್ರವಿದೆ, ಗಿರಾಕಿಯ ಮನೆಗೂ ಎಳೆದುಕೊಂಡು ಹೋಗಬಹುದು.

ಮೊದಲ ಸಂಜೆಯೇ ತಪ್ಪು ಮಾಡಿದೆ. ಶೆಡ್ಡಿನಲ್ಲಿ ಸರಿಯಾದ ಸಾಕೆಟ್ ಇರಲಿಲ್ಲ. ಮನೆಯಿಂದ ಇಪ್ಪತ್ತು ಮೀಟರ್ ಉದ್ದದ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಎಳೆದೆ, ಅದರಲ್ಲೂ ಅರ್ಧ ಭಾಗ ರಾಟೆಗೆ ಸುತ್ತಿಕೊಂಡೇ ಇತ್ತು. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಸ್ವಿಚ್ ಹಾಕಿದರೆ ಮೋಟಾರ್ ‘ಗುಂಯ್’ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ. ಪ್ಲಾಸ್ಟಿಕ್ ಸುಡುವ ವಾಸನೆ ಬಂದಾಗ ಓಡಿಹೋಗಿ ಪ್ಲಗ್ ಕಿತ್ತೆ. ರಾಟೆಯನ್ನು ಮುಟ್ಟಿದರೆ ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಬಿಸಿ. ಒಳಸುತ್ತಿನ ವೈರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಇಂಥ ಮೋಟಾರ್ ಹೊರಡುವ ಕ್ಷಣದಲ್ಲಿ, ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ತೆಳ್ಳನೆಯ ವೈರಿನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ತಿರುಗದೆ ನಿಂತ ಮೋಟಾರ್ ಸುಡತೊಡಗುತ್ತದೆ. ಮರುದಿನವೇ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಮೇನ್ ಬೋರ್ಡಿನಿಂದ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ಕಡಿತಗೊಳಿಸುವ ಸ್ವಿಚ್) ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿತಗೊಳಿಸುವ ಸ್ವಿಚ್) ಹಾಕಿಸಿದೆ. ಅರ್ಥಿಂಗ್ ಗುಂಡಿಯನ್ನೂ ಹೊಸದಾಗಿ ತೆಗೆಸಿದೆ. ಸಾಕೆಟ್ಟಿಗೆ ಹೊಂದಲಿಲ್ಲವೆಂದು ಪ್ಲಗ್ಗಿನ ಮೂರನೆಯ ಪಿನ್, ಅಂದರೆ ಅರ್ಥಿಂಗ್ ಪಿನ್ ಕತ್ತರಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒದ್ದೆ ನೆಲದ ಮಲೆನಾಡಿನಲ್ಲಿ ಅದು ಜೀವದ ಜೊತೆ ಆಟ. ಈಗ ದೂರದ ಕೆಲಸಕ್ಕೆ ವೈರನ್ನು ಉದ್ದ ಮಾಡುವುದಿಲ್ಲ, ಗಾಳಿಯ ಪೈಪನ್ನು ಉದ್ದ ಮಾಡುತ್ತೇನೆ.

ಹೊಸ ಯಂತ್ರಕ್ಕೆ ಸಾಗಣೆಗೆಂದು ಮುಚ್ಚಳವೊಂದನ್ನು ಹಾಕಿರುತ್ತಾರೆ. ಅದನ್ನು ತೆಗೆದು ಗಾಳಿಯಾಡುವ ಬಿರಡೆ ಹಾಕಿ, ಗಾಜಿನ ಕಿಂಡಿಯ ಕೆಂಪು ಚುಕ್ಕೆಯ ಮಟ್ಟಕ್ಕೆ ಕಂಪ್ರೆಸರ್ ಎಣ್ಣೆ ತುಂಬಿದೆ. ಸಮತಟ್ಟು ನೆಲದಲ್ಲಿ, ಗೋಡೆಯಿಂದ ಒಂದು ಮೊಳ ಬಿಟ್ಟು ನಿಲ್ಲಿಸಿ, ಕೈಪಿಡಿಯಲ್ಲಿದ್ದಂತೆ ಗಾಳಿಯ ನಳ ತೆರೆದಿಟ್ಟು ಅರ್ಧ ಗಂಟೆ ಬರಿದೇ ಓಡಿಸಿದೆ. ಸ್ಪ್ರೇ ಮಾಡುವ ಜಾಗದ ಹತ್ತಿರ ಮಾತ್ರ ಇಡುವುದಿಲ್ಲ. ಪಾಲಿಶ್ ತೆಳುಮಾಡಲು ಬೆರೆಸುವ ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಒತ್ತಡ ನೋಡಿ ಮೋಟಾರನ್ನು ತಾನಾಗಿ ಹಚ್ಚಿ ಆರಿಸುವ ಪ್ರೆಶರ್ ಸ್ವಿಚ್ಚಿನ ಒಂದು ಕಿಡಿ ಸಾಕು, ಆವಿಗೆ ಬೆಂಕಿ ಹತ್ತಲು. ನನ್ನ ಕಂಪ್ರೆಸರ್ ಗೋಡೆಯ ಆಚೆ, ಮಳೆ ತಾಗದ ಜಗಲಿಯಲ್ಲಿದೆ.

ಇನ್ನು ಆ ಸದ್ದು. ಟ್ಯಾಂಕಿನಲ್ಲಿ ಗಾಳಿಯ ಒತ್ತಡ 8 ಬಾರ್ (ಬಾರ್ ಎಂಬುದು ಒತ್ತಡದ ಅಳತೆ) ತುಂಬಿದೊಡನೆ ಮೋಟಾರ್ ತಾನಾಗಿ ನಿಲ್ಲುತ್ತದೆ, ನಿಂತ ಕೂಡಲೇ ಪ್ರೆಶರ್ ಸ್ವಿಚ್ಚಿನ ಬಳಿ ‘ಪುಸ್’ ಎಂದು ಒಂದೆರಡು ಕ್ಷಣ ಗಾಳಿ ಬಿಡುತ್ತದೆ. ಪಿಸ್ಟನ್ನಿನಿಂದ ಟ್ಯಾಂಕಿಗೆ ಹೋಗುವ ಕೊಳವೆಯಲ್ಲಿ ಉಳಿದ ಗಾಳಿ ಅದು. ಅದು ಹೊರಗೆ ಹೋದರಷ್ಟೇ ಮೋಟಾರ್ ಮುಂದಿನ ಸಲ ಭಾರವಿಲ್ಲದೆ ಎದ್ದೇಳುತ್ತದೆ. ‘ಪುಸ್’ ಕೇಳಿಸದಿದ್ದರೆ ಅಥವಾ ನಿಲ್ಲದೆ ‘ಸ್ಸ್’ ಎನ್ನುತ್ತಲೇ ಇದ್ದರೆ ವಾಲ್ವಿನಲ್ಲಿ ದೋಷವಿದೆ ಎಂದೇ ತಿಳಿಯುತ್ತೇನೆ. ಓಡುತ್ತಿರುವಾಗ ಕರೆಂಟ್ ಹೋದರೆ ಕೊಳವೆಯ ಗಾಳಿ ಅಲ್ಲೇ ಉಳಿಯುತ್ತದೆ. ಕರೆಂಟ್ ಮರಳಿದಾಗ ಮೋಟಾರ್ ಆ ಒತ್ತಡಕ್ಕೆ ಎದುರಾಗಿ ಏಳಲಾರದೆ ಗುಂಯ್ಗುಡುತ್ತದೆ, ಇಲ್ಲವೇ ಯಾರೂ ಇಲ್ಲದ ಹೊತ್ತಿನಲ್ಲಿ ತಾನಾಗಿ ಶುರುವಾಗುತ್ತದೆ. ಆದ್ದರಿಂದ ಕರೆಂಟ್ ಹೋದೊಡನೆ ನಮ್ಮಲ್ಲಿ ಮೊದಲ ಕೆಲಸ ಪ್ರೆಶರ್ ಸ್ವಿಚ್ಚಿನ ಮೇಲಿನ ಕೆಂಪು ಗುಂಡಿಯನ್ನು ಒತ್ತಿ ಆರಿಸಿ, ‘ಪುಸ್’ ಎನ್ನಿಸುವುದು. ನಿಲ್ಲಿಸುವಾಗಲೂ ಅಷ್ಟೇ: ಪ್ಲಗ್ ಕಿತ್ತು ನಿಲ್ಲಿಸುವ ಅಭ್ಯಾಸ ಬಿಡಿ.

ಸ್ವಿಚ್ ಆರಿಸಿದರೂ ಟ್ಯಾಂಕ್ ಎಚ್ಚರವಾಗಿಯೇ ಇರುತ್ತದೆ ಎಂಬುದನ್ನು ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ. 8 ಬಾರ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 8 ಕಿಲೋ. ಅಂಗೈಯಗಲದ ಜಾಗಕ್ಕೆ ಎಂಟುನೂರು ಕಿಲೋ ಹತ್ತಿರ. ಪೈಪಿನ ಗಾಳಿ ಖಾಲಿ ಮಾಡದೆ ಜೋಡಣೆ ಬಿಚ್ಚಿದರೆ ಪೈಪಿನ ತುದಿ ಹಾವಿನಂತೆ ಬೀಸಿ ಹೊಡೆಯುತ್ತದೆ. ಒಬ್ಬ ಹುಡುಗ ಅಂಗಿಯ ಮೇಲಿನ ಹೊಟ್ಟನ್ನು ಅದೇ ಗಾಳಿಯಿಂದ ಊದಿಕೊಳ್ಳಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಗಾಯದ ಮೂಲಕ ಗಾಳಿ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು, ಕಣ್ಣು ಕಿವಿಗಳ ಮಾತಂತೂ ಬೇಡ. ಸ್ಪ್ರೇ ಗನ್ನಿಗೆ ಹೋಗುವ ಒತ್ತಡ ತಗ್ಗಿಸುವ ರೆಗ್ಯುಲೇಟರಿನಲ್ಲಿ ಎರಡೂವರೆ ಬಾರ್ ಸಾಕು. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು, ಅದು ಸಡಿಲವಾಗಿ ಗಾಳಿ ಬಿಡುತ್ತದೆಯೇ ಎಂದು ನೋಡುತ್ತೇನೆ. ಸೋರುತ್ತದೆಂದು ಅದನ್ನು ತಿರುಚಿ ಬಿಗಿಮಾಡುವುದು, ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಹಾಕಿಸುವುದು, ಎರಡನ್ನೂ ನನ್ನ ಶೆಡ್ಡಿನಲ್ಲಿ ಯಾರೂ ಮಾಡುವಂತಿಲ್ಲ.

ಟ್ಯಾಂಕ್ ತೂತಾಗುವುದು ಒಳಗಿನ ತುಕ್ಕಿನಿಂದ. ಗಾಳಿಯನ್ನು ಹಿಂಡಿದಾಗ ಅದರ ತೇವ ನೀರಾಗಿ ತಳಕ್ಕಿಳಿಯುತ್ತದೆ. ಅದೇ ನೀರು ಗನ್ನಿಗೆ ಬಂದರೆ ಪಾಲಿಶ್ ಮೇಲೆ ಚುಕ್ಕೆ ಏಳುತ್ತದೆ. ದಿನವೂ ಕೆಲಸ ಮುಗಿದ ಮೇಲೆ ಒತ್ತಡವನ್ನು ಒಂದು ಬಾರ್‌ಗೆ ಇಳಿಸಿ, ಅಡಿಯ ಡ್ರೈನ್ ವಾಲ್ವಿಗೆ ತೆಂಗಿನ ಗೆರಟೆ ಹಿಡಿದು ನಿಧಾನವಾಗಿ ತಿರುಗಿಸುತ್ತೇನೆ. ಬೇಸಿಗೆಯಲ್ಲಿ ಗೆರಟೆಯ ತಳ ಒದ್ದೆಯಾಗುವಷ್ಟು ಬರುತ್ತದೆ. ಜುಲೈ ತಿಂಗಳಲ್ಲಿ ಅರ್ಧ ಗೆರಟೆ, ಚಹಾದ ಬಣ್ಣ. ಬಣ್ಣ ಗಾಢವಾಗುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಚೆಲ್ಲುತ್ತೇನೆ, ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆ ಶೆಡ್ಡಿನ ಬಾಗಿಲು ಹಾಕುತ್ತೇನೆ.