ಪರದೆಯಲ್ಲಿ ಹೆಸರು ಬದಲಾಯಿಸುತ್ತಿದ್ದ ಕಂಟ್ರೋಲರ್: ಬ್ಯಾಕ್‌ನೆಟ್ ವಿಳಾಸದ ಗೊಂದಲ ಬಿಡಿಸಿದ್ದು ಹೀಗೆ

ಕಟ್ಟಡದ ಉಪಕರಣಗಳು ಪರಸ್ಪರ ಮಾತಾಡಲು ಬಳಸುವ ಬ್ಯಾಕ್‌ನೆಟ್ ಜಾಲಕ್ಕೆ ಎರಡನೇ ಎಂಎಸ್/ಟಿಪಿ ಲೈನ್ (ಕಂಟ್ರೋಲರ್‌ಗಳನ್ನು ಸಾಲಾಗಿ ಪೋಣಿಸುವ ತಂತಿ) ಜೋಡಿಸಿದ ಕೂಡಲೇ ಕಾಟ ಶುರು. ಒಂದು ಎಎಚ್‌ಯು (ಗಾಳಿ ಹದಗೊಳಿಸಿ ಹರಿಸುವ ಯಂತ್ರ) ಕಂಟ್ರೋಲರ್ ಪರದೆಯಲ್ಲಿ ಒಮ್ಮೆ ತನ್ನ ಹೆಸರು ತೋರಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಬೇರೆಯದೇ ಹೆಸರು. ವೈರಿಂಗ್ ಪರೀಕ್ಷಿಸಿದೆ: ಎರಡೂ ತುದಿಗಳಲ್ಲಿ 120 ಓಮ್ ಟರ್ಮಿನೇಟರ್ (ತುದಿಯ ರೆಸಿಸ್ಟರ್) ಇತ್ತು, ಎಲ್ಲದರ ಬಾಡ್ ರೇಟ್ (ಸಂವಹನ ವೇಗ) 38400. ಅಲ್ಲೇನೂ ತಪ್ಪಿಲ್ಲ.

ಎರಡನೇ ಲೈನ್ ಬಿಚ್ಚಿಟ್ಟು ಹೂ-ಈಸ್ (ಜಾಲದಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುವ ಸಂದೇಶ) ಕಳಿಸಿದಾಗ ಗುಟ್ಟು ಸಿಕ್ಕಿತು. ಮ್ಯಾಕ್ ವಿಳಾಸ, ಅಂದರೆ ಲೈನಿನಲ್ಲಿ ಕಂಟ್ರೋಲರ್‌ನ ಸಂಖ್ಯೆ, ಆ ಲೈನಿನೊಳಗೆ ಬೇರೆಬೇರೆಯಾಗಿದ್ದರೆ ಸಾಕು; ಎರಡು ಲೈನ್‌ಗಳಲ್ಲೂ 5 ಇದ್ದರೆ ತೊಂದರೆಯಿಲ್ಲ. ಆದರೆ ಡಿವೈಸ್ ಇನ್‌ಸ್ಟೆನ್ಸ್ (ಬ್ಯಾಕ್‌ನೆಟ್‌ನಲ್ಲಿ ಉಪಕರಣದ ಗುರುತಿನ ಸಂಖ್ಯೆ) ಇಡೀ ಜಾಲದಲ್ಲಿ ಒಂದೊಂದಕ್ಕೂ ಬೇರೆಯೇ ಇರಬೇಕು. ಈ ಮಾದರಿಯ ಕಂಟ್ರೋಲರ್, ಮ್ಯಾಕ್ ಹೊಂದಿಸುವ ಡಿಐಪಿ ಸ್ವಿಚ್ (ಪುಟ್ಟ ಸ್ವಿಚ್‌ಗಳ ಸಾಲು) ನೋಡಿ ತಾನೇ ಇನ್‌ಸ್ಟೆನ್ಸ್ ಕಟ್ಟಿಕೊಳ್ಳುತ್ತದೆ; ಹಾಗಾಗಿ ಎರಡೂ ಲೈನ್‌ಗಳಲ್ಲಿ ಒಂದೇ ಮ್ಯಾಕ್ ಇದ್ದವಕ್ಕೆ ಒಂದೇ ಇನ್‌ಸ್ಟೆನ್ಸ್ ಬಂದಿತ್ತು. ಅನುಕೂಲವೆಂದು ಕೊಟ್ಟ ಸೌಲಭ್ಯ, ಎರಡನೇ ಲೈನ್ ಬಂದರೆ ಶುದ್ಧ ತಲೆನೋವು!

ಹೊಸ ಇನ್‌ಸ್ಟೆನ್ಸ್‌ಗೆ ನೆಟ್‌ವರ್ಕ್ ನಂಬರನ್ನು (ಪ್ರತಿ ಲೈನಿಗೆ ಕೊಟ್ಟ ಸಂಖ್ಯೆ) 1000ದಿಂದ ಗುಣಿಸಿ ಮ್ಯಾಕ್ ಕೂಡಿಸಿದೆ: ನೆಟ್‌ವರ್ಕ್ 12, ಮ್ಯಾಕ್ 5 ಅಂದರೆ 12005. ಇನ್‌ಸ್ಟೆನ್ಸ್‌ನ ಗರಿಷ್ಠ ಮಿತಿ 4194302 ಆದ್ದರಿಂದ ನೆಟ್‌ವರ್ಕ್ ನಂಬರ್ 4194ರವರೆಗೆ ಈ ಲೆಕ್ಕ ನಡೆಯುತ್ತದೆ. ಬದಲಾಯಿಸುವಾಗ ಒಂದೊಂದೇ ಲೈನ್ ಚಾಲೂ ಇರಲಿ, ಇಲ್ಲದಿದ್ದರೆ ನಿಮ್ಮ ಆದೇಶ ಯಾವ ಪೆಟ್ಟಿಗೆಗೆ ಹೋಯಿತೆಂದೇ ತಿಳಿಯುವುದಿಲ್ಲ.

ಆದರೂ ಮ್ಯಾಕ್ 40 ಮಾತ್ರ ಕಾಣಲಿಲ್ಲ. ಉಳಿದವುಗಳಲ್ಲಿ ಮ್ಯಾಕ್ಸ್ ಮಾಸ್ಟರ್ (ಹುಡುಕಬೇಕಾದ ಕೊನೆಯ ಮ್ಯಾಕ್ ಸಂಖ್ಯೆ) 31 ಎಂದಿತ್ತು. ಅದರಾಚೆಗಿನವರನ್ನು ಯಾರೂ ಕರೆಯುವುದೇ ಇಲ್ಲ, ಟೋಕನ್ (ಮಾತಾಡುವ ಸರದಿ) ತಲುಪುವುದೂ ಇಲ್ಲ. ಎಲ್ಲದರಲ್ಲೂ 127 ಮಾಡಿದರೆ ಖಾಲಿ ವಿಳಾಸಗಳ ಹುಡುಕಾಟಕ್ಕೆ ಸಮಯ ಪೋಲಾಗುತ್ತದೆ, ಹಾಗಾಗಿ 50ಕ್ಕೆ ನಿಲ್ಲಿಸಿದೆ. ಮರುಪ್ರಾರಂಭಿಸಿದ ಮೇಲೆ 40 ಕೂಡ ಪಟ್ಟಿಗೆ ಬಂತು.