ಭಾಗವತರ ಫೋನಿಗೆ 412 ಪುಟ: ಪಿಡಿಎಫ್‌ನ ಇಮೇಜ್ ಮಾಡಿದ ನನ್ನ ಅನುಭವ

"ಆಗೋ ಕೆಲ್ಸ ಅಲ್ಲ ಮಾರಾಯ, ಒಂದೊಂದೇ ಪುಟ ತೆಗ್ದು ಸ್ಕ್ರೀನ್‌ಶಾಟ್ ಹೊಡಿ" ಅಂದಿದ್ರು ನಮ್ಮ ಭಾವ, ಪಿಡಿಎಫ್‌ನ ಪುಟಕ್ಕೊಂದು ಫೋಟೋ ಮಾಡ್ಬೇಕು ಅಂದಾಗ. ಅವ್ರೂ ಡಿಟಿಪಿಯೋರೇ, ಸಾಗರದಲ್ಲಿ ನನಗಿಂತ ಮುಂಚೆ ಅಂಗಡಿ ಇಟ್ಟೋರು. ಆದ್ರೆ ನನ್ನ ಸ್ಕ್ರೀನು 1366 ಬೈ 768, ಇಡೀ ಪುಟ ಕಾಣೋ ಹಾಗಿಟ್ಟು ಹೊಡೆದ್ರೆ ಎತ್ತರಕ್ಕೆ ಸಿಗೋದು 768 ಪಿಕ್ಸೆಲ್, ಅದೇ ಎ4 ಪುಟ 300 ಡಿಪಿಐಲಿ (ಇಂಚಿಗೆ 300 ಚುಕ್ಕಿ) ತೆಗೆದ್ರೆ 3508. ಅಷ್ಟು ಸಣ್ಣದ್ರಲ್ಲಿ ತ್ತ ಯಾವ್ದು ತ್ಥ ಯಾವ್ದು ಗೊತ್ತಾಗುತ್ತಾ?

ಕೆಲಸ ಬಂದಿದ್ದು ಹೊಸನಗರ ಕಡೆಯ ಒಂದು ಭಾಗವತರ ಮನೆಯಿಂದ. ಅಜ್ಜ ಕೈಲಿ ಬರೆದಿಟ್ಟ ಯಕ್ಷಗಾನ ಪ್ರಸಂಗಗಳು, ಯಾರೋ ಹಿಂದೆ ಸ್ಕ್ಯಾನ್ ಮಾಡಿ ಎರಡು ಪಿಡಿಎಫ್ ಮಾಡಿದ್ರು, ಜೊತೆಗೆ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು ಇನ್ನೊಂದು. ಒಟ್ಟು 412 ಪುಟ. ಪದ್ಯ ಹೇಳ್ತಾ ಕೂತಾಗ ದೊಡ್ಡ ಪಿಡಿಎಫ್ ಫೋನಲ್ಲಿ ತೆರೆಯಕ್ಕೇ ಸುಮಾರ್ ಹೊತ್ತು ಹಿಡಿಯುತ್ತೆ, ಪುಟಕ್ಕೊಂದು ಫೋಟೋ ಇದ್ರೆ ಬೆರಳಲ್ಲಿ ಸರಿಸ್ಕೊಂಡ್ ಹೋಗ್ಬಹುದು ಅಂತ ಭಾಗವತರ ಆಸೆ. ಪುಟಕ್ಕೆ 4 ರೂಪಾಯಿ ಅಂತ ಒಪ್ಕೊಂಡೆ, ಹತ್ರ ಹತ್ರ 1,650.

ಮೊದ್ಲು ಆನ್‌ಲೈನ್ ಸೈಟ್ ಹಿಡಿದೆ. ಫ್ರೀಯಲ್ಲಿ ಅಷ್ಟು ದೊಡ್ಡ ಫೈಲ್ ತಗೊಳ್ಳಲ್ಲ ಅಂತ 500 ಚಿಲ್ಲರೆ ಕಟ್ಟಿದೆ. ಜುಲೈ ಮಳೆ, ಕರೆಂಟು ಹೋಗೋದು ಬರೋದು, ಸುಮಾರು 380 ಎಂಬಿ ಅಪ್ಲೋಡ್ ನಾಲ್ಕು ಸಲ ಅರ್ಧಕ್ಕೇ ನಿಂತು ಐದನೇ ಸಲ ಹೋಯ್ತು, ಬಂದ ಇಮೇಜ್ ನೋಡಿದ್ರೆ ಮಂಜಲ್ಲಿ ಅದ್ದಿದ ಹಾಗೆ. ಆ ದುಡ್ಡು ಹೋಗಿದ್ದು ಹೋಯ್ತು.

ಆಮೇಲೆ ಕಮಾಂಡ್ ಕೊಟ್ಟು ಇಮೇಜ್ ಬದಲಾಯಿಸೋ ಸಾಫ್ಟ್‌ವೇರ್ ಇಮೇಜ್‌ಮ್ಯಾಜಿಕ್. ಡೆನ್ಸಿಟಿ, ಅಂದ್ರೆ ಡಿಪಿಐ, 300 ಕೊಟ್ರೂ ಮಬ್ಬೇ ಬರ್ತಿತ್ತು, ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸ್ಕೊಂಡೆ. ಡೆನ್ಸಿಟಿನ ಫೈಲ್ ಹೆಸರಿಗಿಂತ ಮುಂಚೆ ಬರೀಬೇಕು, ನಂತರ ಬರೆದ್ರೆ ಅದು 72ರಲ್ಲೇ ಓದಿ ಮುಗಿಸಿರುತ್ತೆ. ಸರಿ ಮಾಡಿದ್ಮೇಲೆ 4 ಜಿಬಿ ರ‍್ಯಾಮ್ ಸಿಸ್ಟಮ್ ನಿಂತೇ ಹೋಯ್ತು. ಸಾಲದ್ದಕ್ಕೆ ಪುಟದ ನಂಬರ್ ಸೊನ್ನೆಯಿಂದ ಶುರು, ಒಂದನೇ ಪುಟ 0 ಆದ್ರೆ ಭಾಗವತರಿಗೆ ಎಂತ ಹೇಳೋದು.

ಮೂರನೇದು ಪಾಪ್ಲರ್ ಅನ್ನೋ ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರೋ, ಪುಟನ ಇಮೇಜ್ ಮಾಡೋ ಕಮಾಂಡ್ ಪಿಡಿಎಫ್‌ಟುಪಿಪಿಎಂ. ಪಿಎನ್‌ಜಿ (ಅಕ್ಷರ ಕೆಡಿಸದೆ ಕುಗ್ಗಿಸೋ ಇಮೇಜ್ ಫೈಲ್) ಅಂತ ಹೇಳೋದು ಮರೆತು ಎಂಟರ್ ಹೊಡೆದು ಊಟಕ್ಕೆ ಹೋದೆ. ಹಾಗೇ ಬಿಟ್ರೆ ಅದು ಕುಗ್ಗಿಸದ ಪಿಪಿಎಂ ಕೊಡುತ್ತೆ, 300 ಡಿಪಿಐಲಿ ಪುಟಕ್ಕೆ 26 ಎಂಬಿ. ಡಿಸ್ಕಲ್ಲಿ ಉಳಿದಿದ್ದೇ 8 ಜಿಬಿ, ಬಂದು ನೋಡಿದ್ರೆ 300ನೇ ಪುಟದ ಆಸುಪಾಸು ಡಿಸ್ಕ್ ಫುಲ್, ತೆರೆದಿಟ್ಟಿದ್ದ ಒಂದು ಮದುವೆ ಕಾಗದದ ಫೈಲೂ ಸೇವ್ ಆಗದೆ ಹಾಳು. ಅದನ್ನ ಮತ್ತೆ ಪುಕ್ಸಟ್ಟೆ ಕೂರಿಸಿಕೊಟ್ಟೆ.

ದಾರಿ ಸಿಕ್ಕಿದ್ದು ಪಾಪ್ಲರ್‌ದೇ ಇನ್ನೊಂದು ಕಮಾಂಡ್ ಪಿಡಿಎಫ್‌ಇಮೇಜಸ್‌ಗೆ ಲಿಸ್ಟ್ ಅಂತ ಕೊಟ್ಟು ಒಳಗೆ ಯಾವ ಇಮೇಜ್ ಇದೆ ಅಂತ ನೋಡಿದಾಗ. ಸ್ಕ್ಯಾನ್ ಫೈಲಲ್ಲಿ ಪುಟಕ್ಕೊಂದು ಜೆಪೆಗ್, 200 ಡಿಪಿಐ, ಒಳಗೇ ಕೂತಿದೆ! ಅದನ್ನ 300ಕ್ಕೆ ಎಳೆದು ಮತ್ತೆ ಜೆಪೆಗ್ ಮಾಡೋದು ಅಂದ್ರೆ ಜೆರಾಕ್ಸಿಂದ ಜೆರಾಕ್ಸ್ ತೆಗೆದ ಹಾಗೆ. ಆಲ್ ಅಂತ ಕೊಟ್ಟು ಇದ್ದದ್ದನ್ನ ಇದ್ದ ಹಾಗೇ ಹೊರಗೆ ತೆಗೆದೆ, ಒಂದು ನಿಮಿಷನೂ ಆಗ್ಲಿಲ್ಲ. ಅಜ್ಜ ಶಾಯಿ ಅದ್ದಿದ ಕಡೆ ಅಕ್ಷರ ದಪ್ಪ, ಮುಗೀತಾ ಬಂದ ಕಡೆ ತೆಳು, ಅದೂ ಕಾಣ್ತಿತ್ತು. ಅವತ್ತು ರಾತ್ರಿನೇ ಭಾವನಿಗೆ ಒಂದು ಪುಟ ಕಳ್ಸಿದೆ, "ಯಾವ ಸ್ಕ್ಯಾನರ್ ತಗೊಂಡೆ?" ಅಂತ ಕೇಳಿದ್ರು.

ಇದ್ರಲ್ಲೂ ತೊಡಕಿದೆ ನೋಡಿ. ತಿರುಗಿಸಿಟ್ಟ ಪುಟ ಇದ್ರೆ ಅಡ್ಡಡ್ಡ ಬರ್ತವೆ, ಪಿಡಿಎಫ್ ಒಳಗಿನ ರೊಟೇಶನ್ ಇದು ಲೆಕ್ಕಕ್ಕೆ ತಗೊಳ್ಳಲ್ಲ. ಎರಡನೇ ಫೈಲಲ್ಲಂತೂ ಕಾಗದದ ಹಳದಿ ಒಂದು ಇಮೇಜು, ಬರೀ ಅಕ್ಷರ ಇನ್ನೊಂದು, ಹೀಗೆ ಪದರ ಪದರ ಬಂತು. ಅಂಥದ್ದಕ್ಕೆ ಪಿಡಿಎಫ್‌ಟುಪಿಪಿಎಂನೇ ಗತಿ, ಡಿಪಿಐಗೆ ಆರ್ 300, ಜೆಪೆಗ್. ಹಳದಿ ತೆಗೆದು ಅಕ್ಷರ ಎದ್ದು ಕಾಣೋ ಹಾಗೆ ಮಾಡಕ್ಕೆ ಲೆವೆಲ್‌ದು ಎರಡು ನಂಬರ್ ಇದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ, ಹಿಡಿಯಕ್ಕೆ ಎರಡು ರಾತ್ರಿ ಹೋಗಿದೆ.

ನುಡಿ ಫೈಲ್ ಬೇರೆನೇ ಗೋಳು. ಕನ್ನಡ ಅಂತ ಇರೋ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು. ಫಾಂಟ್ ಪಟ್ಟಿ ತೋರಿಸೋ ಪಿಡಿಎಫ್‌ಫಾಂಟ್ಸ್ ಓಡಿಸಿದ್ರೆ ಎಂಬೆಡ್ ಕಾಲಂಲಿ ನೋ ಅಂತಿತ್ತು, ಅಂದ್ರೆ ಫಾಂಟು ಫೈಲ್ ಒಳಗೆ ಇಲ್ವೇ ಇಲ್ಲ. ಅದೇ ನುಡಿ ಫಾಂಟ್ ಸಿಸ್ಟಮ್ಮಿಗೆ ಹಾಕಿ ಗ್ರೇ, ಪಿಎನ್‌ಜಿ, 300ರಲ್ಲಿ ತೆಗೆದೆ, 130 ಚಿಲ್ಲರೆ ಪುಟ ಮೂರ್ನಾಲ್ಕು ನಿಮಿಷ, ಒಂದೊಂದು 200 ಕೆಬಿ ಹತ್ರ. ಟೈಪ್ ಮಾಡಿದ ಪುಟಕ್ಕೆ ಜೆಪೆಗ್ ಬೇಡ, ಅಕ್ಷರದ ಸುತ್ತ ಧೂಳು ಕೂತ ಹಾಗೆ ಕಾಣುತ್ತೆ.

ಮಧ್ಯದಲ್ಲಿ ಸುಮ್ನೆ ಟಿಫ್ ಜಿ4 (ಫ್ಯಾಕ್ಸ್ ಥರ ಬರೀ ಕಪ್ಪು-ಬಿಳುಪು) ಮಾಡಿ ನೋಡಿದೆ, ಪುಟ 50-60 ಕೆಬಿಗೆ ಇಳೀತು, ಆದ್ರೆ ನನ್ನ ಫೋನಿನ ಗ್ಯಾಲರಿ ತೆರೆಯಲ್ಲ ಅಂತು. ಇಮೇಜಿಂದ ಅಕ್ಷರ ಓದೋ ಟೆಸರಾಕ್ಟ್‌ಗೂ ಕೊಟ್ಟೆ, ಟೈಪ್ ಮಾಡಿದ್ದು ಒತ್ತಕ್ಷರದಲ್ಲಿ ಎಡವಿದ್ರೂ ಓದೋ ಹಾಗೆ ಬಂತು, ಅಜ್ಜನ ಕೈಬರಹ ಅದ್ರಿಂದ ಆಗ್ಲಿಲ್ಲ. ಇನ್ನೊಂದು, ಪ್ರೆಸ್ಸಿಗೆ ಅಂತ ಸಿಎಂವೈಕೆಲಿ (ಪ್ರೆಸ್ಸಿನ ನಾಲ್ಕು ಶಾಯಿ ಬಣ್ಣ) ಮಾಡಿದ ಮದುವೆ ಕಾಗದನ ಹೀಗೇ ಇಮೇಜ್ ಮಾಡಕ್ಕೆ ಹೋಗ್ಬೇಡಿ, ಕುಂಕುಮ ಬಣ್ಣ ಕಣ್ಣಿಗೆ ಹೊಡೆಯೋ ಹಾಗೆ ಬರುತ್ತೆ, ಸ್ಕ್ರೀನಿನ ಬಣ್ಣ ಅಂದ್ರೆ ಆರ್‌ಜಿಬಿಗೆ ಪ್ರೊಫೈಲ್ ಹಾಕಿ ತಿರುಗಿಸ್ಬೇಕು.

ಕೊಡೋವಾಗ ಎರಡು ಸೆಟ್ ಮಾಡಿದೆ, ಮನೇಲಿ ಇಡಕ್ಕೆ ದೊಡ್ಡದು, ಫೋನಿಗೆ ಅಗಲ 1240 ಪಿಕ್ಸೆಲ್‌ದು. ಹೆಸರೆಲ್ಲ 001, 002 ಅಂತ, ಇಲ್ಲಾಂದ್ರೆ ಕೆಲವು ಫೋನಲ್ಲಿ 1 ಆದ್ಮೇಲೆ 10 ಬರುತ್ತೆ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಮತ್ತೆ ಕುಗ್ಗಿಸುತ್ತೆ, ಅದಕ್ಕೆ ಪೆನ್‌ಡ್ರೈವಲ್ಲೇ ಕೊಟ್ಟೆ. 500 ಕಳೆದು ಕೈಗೆ 1,100 ಉಳೀತು. ಭಾಗವತರು ಅಂಗಡೀಲೇ ನಿಂತು ಅಜ್ಜನ ಅಕ್ಷರ ದೊಡ್ಡದು ಮಾಡ್ಕೊಂಡು ಒಂದು ಪದ್ಯ ಹೇಳಿದ್ರು, ಜೆರಾಕ್ಸಿಗೆ ಬಂದ ಮಕ್ಕಳೆಲ್ಲ ಸುಮ್ನೆ ನಿಂತು ಕೇಳಿದ್ವು. ಹುಳ ತಿಂದ 14 ಪುಟ ಮಾತ್ರ ಬಾಕಿ, ಮಳೆ ಕಮ್ಮಿ ಆದ್ಮೇಲೆ ಮೂಲ ಪುಸ್ತಕನೇ ತರ್ತೀನಿ ಅಂದಿದಾರೆ.