ಕಪ್ಪುಗನ್ನಡಿ ಹಿಡಿದು ಚಿತ್ರ ಬರೆಯುವುದು

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮನೆ ಕರು ಕಳೆದುಹೋಯಿತು. ಅಜ್ಜಿ ಅಂಜನ ಹಾಕುವವರನ್ನು ಕರೆಸಿದರು. ಅವರು ಹರಳೆಣ್ಣೆ ದೀಪದ ಮಸಿಯನ್ನು ನನ್ನ ಹೆಬ್ಬೆರಳ ಉಗುರಿಗೆ ಸವರಿ, ‘ರೆಪ್ಪೆ ಬಡೀದೆ ನೋಡು ಮಗಾ, ಯಾರು ಬರ್ತಾರೆ ಹೇಳು’ ಅಂದರು. ಆ ಹೊಳೆಯುವ ಕಪ್ಪಿನಲ್ಲಿ ಯಾರೋ ಅಂಗಳ ಗುಡಿಸುತ್ತಿದ್ದರು. ಕರು ಸಿಗಲಿಲ್ಲ. ಬಗ್ಗಿ ಗುಡಿಸುತ್ತಿದ್ದವನ ಬೆನ್ನು ಮಾತ್ರ ಇವತ್ತಿಗೂ ಕಣ್ಣಲ್ಲಿದೆ. ನನ್ನ ಕನ್ನಡಿ ಚಿತ್ರಗಳೆಲ್ಲ ಆ ಉಗುರಿನಿಂದಲೇ ಹುಟ್ಟಿದ್ದು.

ಕನ್ನಡಿ, ಮಂತ್ರ ಅಂದ ಕೂಡಲೇ ತಲೆಬುರುಡೆ, ಮೇಣದಬತ್ತಿ ಬರೆಯಲು ಹೊರಡಬೇಡಿ. ಅವನ್ನು ಏನೂ ನೋಡದೆಯೂ ಬರೆಯಬಹುದು. ಮೊದಲು ಕೂತು ನೋಡಬೇಕು.

ಕಪ್ಪುಗನ್ನಡಿ ಮಾಡಲು ಫೋಟೊ ಫ್ರೇಮಿನ 8x10 ಇಂಚಿನ ಗಾಜು ಸಾಕು. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಹಿಂಬದಿಗೆ ಕಪ್ಪು ಎನಾಮೆಲ್ ಎರಡು ಕೋಟು ಹಚ್ಚಿ. ಮೊದಲನೆಯದು ಪೂರ್ತಿ ಒಣಗಿದ ಮೇಲೇ ಎರಡನೆಯದು. ಬಲ್ಬಿಗೆ ಹಿಡಿದರೆ ಸೂಜಿಮೊನೆಯಷ್ಟೂ ಬೆಳಕು ತೂರಬಾರದು. ಮೊದಲನೇ ಎಲಿಜಬೆತ್ ರಾಣಿಯ ಕಾಲದ ಗಣಿತಜ್ಞ, ಜ್ಯೋತಿಷಿ ಜಾನ್ ಡೀಯದೆಂದು ಹೇಳುವ ಕಪ್ಪುಗನ್ನಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದು ಜ್ವಾಲಾಮುಖಿಯ ಗಾಜು. ಆ ಕಲ್ಲು ಮೆಕ್ಸಿಕೋದ ಪಚೂಕಾದ್ದೆಂದು 2021ರಲ್ಲಿ ಪರೀಕ್ಷೆಯಿಂದ ಗೊತ್ತಾಯಿತು. ಅಲ್ಲಿನ ಅಜ್ಟೆಕರ ದೇವರು ತೆಜ್ಕಾಟ್ಲಿಪೋಕನ ಹೆಸರಿಗೆ ‘ಹೊಗೆಯಾಡುವ ಕನ್ನಡಿ’ ಎಂದೇ ಅರ್ಥ. ಇದನ್ನು ಓದಿದ ದಿನ ನನ್ನ ಮೂಗಿಗೆ ಹರಳೆಣ್ಣೆಯ ಮಸಿವಾಸನೆ ಬಡಿಯಿತು.

ರಾತ್ರಿ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಸಣ್ಣ ದೀಪವನ್ನು ನಿಮ್ಮ ಬೆನ್ನ ಹಿಂದೆ ಇಡಿ. ಕನ್ನಡಿಯಲ್ಲಿ ಅದರ ಜ್ವಾಲೆ ಕಾಣಬಾರದು. ಮುಖದಿಂದ ಮೊಳದಷ್ಟು ದೂರದಲ್ಲಿ ಗಾಜು ನಿಲ್ಲಿಸಿ ಹತ್ತು ನಿಮಿಷ ಒಂದೇ ಕಡೆ ನೋಡಿ. ಇಟಲಿಯ ಮನೋವಿಜ್ಞಾನಿ ಜೊವಾನ್ನಿ ಕಪೂಟೊ ಸಾಮಾನ್ಯ ಕನ್ನಡಿಯೆದುರು, ಮಬ್ಬು ಬೆಳಕಲ್ಲಿ 50 ಜನರನ್ನು ಹೀಗೇ ಕೂರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 66 ಶೇಕಡಾ ಜನ ತಮ್ಮ ಮುಖ ವಿಪರೀತ ವಿಕಾರವಾದದ್ದನ್ನು ಕಂಡಿದ್ದರು. ನೋಟ ಅಲುಗದಿದ್ದರೆ ಬದಿಯ ರೂಪಗಳು ಅಳಿಸಿಹೋಗುತ್ತವೆ. ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಇದನ್ನು ಗುರುತಿಸಿದ್ದ. ಹೆದರಿಕೆಯಾದರೆ ಲೈಟು ಹಾಕಿ, ಮುಖ ತೊಳೆದುಕೊಳ್ಳಿ. ಮನೆಯಲ್ಲಿ ಸಾವಾಗಿ ಹೆಚ್ಚು ದಿನವಾಗದಿದ್ದರೆ ಒಬ್ಬರೇ ಕೂರಬೇಡಿ. ನಾನು ಕೂತು ಬಹಳ ನೊಂದಿದ್ದೇನೆ.

ನೋಡುತ್ತಿರುವಾಗ ಇದ್ದಿಲು ಮುಟ್ಟಲೇಬೇಡಿ. ಗಾಜನ್ನು ಬೋರಲು ಹಾಕಿದ ಮೇಲೆ ನೆನಪಿನಿಂದ ಐದು ನಿಮಿಷ ಗೀಚಿ. ಯಾವ ಭಾಗ ಮೊದಲು ಮಾಯವಾಯಿತು ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ನನಗೆ ಯಾವಾಗಲೂ ಗದ್ದ ಮೊದಲು ಹೋಗುತ್ತದೆ.

ಬಣ್ಣದ ಕೆಲಸ ಅಂಜನದ ಹಾಗೆಯೇ: ಮೊದಲು ಮಸಿ, ಆಮೇಲೆ ಒರೆಸುವುದು. ಲ್ಯಾಂಪ್ ಬ್ಲ್ಯಾಕ್ (ದೀಪದ ಮಸಿಯ ಕಪ್ಪು) ಎಣ್ಣೆಬಣ್ಣವನ್ನು ಕ್ಯಾನ್ವಾಸಿಗೆಲ್ಲ ತೆಳ್ಳಗೆ ಸವರಿ, ಹಳೇ ಕಾಟನ್ ಪಂಚೆಯ ತುಂಡಿನಿಂದ ಬೆಳಕನ್ನು ಒರೆಸಿ ತೆಗೆಯಿರಿ. ಬಿಳಿ ಬಣ್ಣದ ಟ್ಯೂಬು ತೆರೆಯುವುದೇ ಬೇಡ. ಈ ಕಪ್ಪು ಬಣ್ಣ ಎಣ್ಣೆಯನ್ನು ಬಹಳ ಕುಡಿಯುತ್ತದೆ, ನಿಧಾನ ಒಣಗುತ್ತದೆ. ಹಸಿಯಿರುವಾಗ ಮೇಲೆ ಬೇರೆ ಬಣ್ಣ ಮೆತ್ತಿದರೆ ಬಿರುಕು ಬಿಡುತ್ತದೆ. ಆರು ತಿಂಗಳು ಬಿಟ್ಟು, ಮುಖ ಮಾಯವಾದ ಜಾಗಕ್ಕಷ್ಟೇ ಹೊಳಪಿನ ವಾರ್ನಿಶ್ ಹಚ್ಚಿ, ಉಳಿದದ್ದಕ್ಕೆ ಮ್ಯಾಟ್. ತೂಗುಹಾಕುವಾಗ ಎದುರಿಗೆ ಟ್ಯೂಬ್‌ಲೈಟ್ ಬೇಡ. ಪಕ್ಕದ ಕಿಟಕಿ ಸಾಕು, ಹತ್ತಿರ ಬಂದವರ ನೆರಳು ಆ ಹೊಳಪಿನೊಳಗೆ ಬೀಳುತ್ತದೆ.